ಕಬ್ಬಿಣವಿಲ್ಲದ ಲೋಕ, ಬಳ್ಳಾರಿಯ ಮಹಡಿ ಮೇಲೆ

2024ರ ಮೇ ತಿಂಗಳ ಒಂದು ಭಾನುವಾರ. ಸಂಜೆ ಆರಾಗಿದ್ದರೂ ನಮ್ಮ ಮನೆ ಮಹಡಿಯ ನೆಲಕ್ಕೆ ಕಾಲಿಡಲು ಆಗುತ್ತಿರಲಿಲ್ಲ. ಎರಡು ಕೊಡ ನೀರು ಸುರಿದು ತಂಪು ಮಾಡಿದೆ. ಕೆಳಗಿನಿಂದ ಅಮ್ಮ ಕೂಗಿದರು: "ನೀರು ಬರೋದು ಇನ್ನ ಮೂರು ದಿನಕ್ಕ. ನೆಲಕ್ಕ ಸುರೀತಿ ಏನು?" ಚಾಪೆ ಹಾಸಿ, ನಡುವೆ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿದ ನಕ್ಷೆ ಹರಡಿದೆ. ಒಗ್ಗರಣೆ, ಮಿರ್ಚಿ ಬಂತು. ನಾಲ್ಕು ಜನ ಸುತ್ತ ಕೂತರು. ನಾನು ಶುರು ಮಾಡಿದೆ.

"ನಾವು ಹೋಗ್ತಿರೋ ಲೋಕದಲ್ಲಿ ಕಬ್ಬಿಣ ಸಿಗೋದಿಲ್ಲ. ಕತ್ತಿ ಮೂಳೆಯದು. ಈಟಿಯ ಮೊನೆ ಕಲ್ಲಿನದು. ದುಡ್ಡು ಸುಟ್ಟ ಮಣ್ಣಿನದು."

ಲಾರಿ ಆಫೀಸಿನಲ್ಲಿ ಲೆಕ್ಕ ಬರೆಯುವ ನನ್ನ ಗೆಳೆಯ ಜೋರಾಗಿ ನಕ್ಕ. "ಕಬ್ಬಿಣ ಸಿಗೂದಿಲ್ಲಾ? ಲೇ, ಕೆಳಗ ಹೋಗಿ ನಿನ್ನ ಬೈಕಿನ ಸೀಟು ಒರಸು. ಒಂದು ಚಮಚ ಕಬ್ಬಿಣ ಬರ್ತೈತಿ."

ಎಲ್ಲರೂ ನಕ್ಕೆವು. ಸಂಡೂರಿನ ಕಡೆಯಿಂದ ಅದಿರು ತುಂಬಿ ಬರುವ ಲಾರಿಗಳ ಕೆಂಪು ದೂಳು ನೋಡುತ್ತಲೇ ಬೆಳೆದವರು ನಾವು. ಒಣಗಿಸಿದ ಬಿಳಿ ಪಂಚೆಗೂ ಅದೇ ಬಣ್ಣ, ಬೇವಿನ ಎಲೆಗೂ ಅದೇ ಬಣ್ಣ. ನಕ್ಕಿದ್ದೇನೋ ಸರಿ. ಆದರೆ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕಬ್ಬಿಣದ ಮೇಲೆ ಕೂತಿರುವ ಊರಿನವರಿಗೆ ಕಬ್ಬಿಣವಿಲ್ಲದ ಲೋಕವನ್ನು ನಂಬಿಸುವುದು ಹೇಗೆ? ಅದೂ 1991ರಲ್ಲಿ ಅಮೆರಿಕದಲ್ಲಿ ಯಾರೋ ಕಟ್ಟಿದ ಲೋಕವನ್ನು?

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕೂತು ಮಾತಾಡುತ್ತಾ ಆಡುವ ಆಟ. ಒಬ್ಬರು ಕಥೆ ನಡೆಸುತ್ತಾರೆ. ಅವರಿಗೆ ಡಿಎಂ, ಅಂದರೆ ಡಂಜನ್ ಮಾಸ್ಟರ್ ಅನ್ನುತ್ತಾರೆ. ಉಳಿದವರು ಒಂದೊಂದು ಪಾತ್ರ. "ಮುಂದೆ ಏನು ಮಾಡ್ತೀಯ?" ಅಂತ ಡಿಎಂ ಕೇಳುತ್ತಾರೆ. ಪಾತ್ರ ಹೇಳುತ್ತದೆ. ಕೆಲಸ ಕಷ್ಟದ್ದಾದರೆ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಈ ಬಗೆಯ ಆಟಗಳಿಗೆಲ್ಲ ಮೂಲವಾದ ಡಂಜನ್ಸ್ ಅಂಡ್ ಡ್ರಾಗನ್ಸ್ 1974ರಲ್ಲಿ ಬಂತು. ಕಥೆ ನಡೆಯೋಕೆ ಒಂದು ಲೋಕ ಬೇಕಲ್ವಾ? ಊರು, ನದಿ, ರಾಜ, ಭಯ, ಹಬ್ಬ ಎಲ್ಲ ಇರುವ ಆ ಲೋಕಕ್ಕೆ ಆಡುವವರು ಸೆಟ್ಟಿಂಗ್ ಅನ್ನುತ್ತಾರೆ.

ಅಂಥ ಲೋಕಗಳು ಒಂದೆರಡಲ್ಲ. ಗ್ರೇಹಾಕ್ 1980ರಲ್ಲಿ ಪುಸ್ತಕವಾಗಿ ಬಂತು. ಡ್ರಾಗನ್‌ಲ್ಯಾನ್ಸ್ 1984ರಲ್ಲಿ, ಫರ್ಗಾಟನ್ ರೆಲ್ಮ್ಸ್ 1987ರಲ್ಲಿ. ಹಡಗುಗಳು ಆಕಾಶದಲ್ಲಿ ತೇಲುವ ಸ್ಪೆಲ್‌ಜಾಮರ್ 1989ರದ್ದು. 1991ರಲ್ಲಿ ಬಂದ ಡಾರ್ಕ್ ಸನ್ ನಾನು ಹೇಳುತ್ತಿರುವ ಲೋಕ. ಇವನ್ನೆಲ್ಲ ಹೊರತಂದ ಟಿಎಸ್‌ಆರ್ ಕಂಪನಿ ಸಾಲಕ್ಕೆ ಸಿಕ್ಕಿ 1997ರಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಕೈ ಸೇರಿತು. ಆಮೇಲೆ ಎಷ್ಟೋ ಲೋಕಗಳು ವರ್ಷಗಟ್ಟಲೆ ಮಲಗಿಬಿಟ್ಟವು. ಈಚೆಗೆ ಒಂದೊಂದಾಗಿ ಅವನ್ನು ಎಬ್ಬಿಸುತ್ತಿದ್ದಾರೆ.

ಎಬ್ಬಿಸುವ ಬಗೆ ಗಮನಿಸಿದರೆ ಬಹಳ ಕಲಿಯಬಹುದು. ಫರ್ಗಾಟನ್ ರೆಲ್ಮ್ಸ್ ಅನ್ನು 2008ರಲ್ಲಿ ಸುಮಾರು ನೂರು ವರ್ಷ ಮುಂದಕ್ಕೆ ತಳ್ಳಿದರು. ಆಡುವವರಿಗೆ ಗೊತ್ತಿದ್ದ ಊರುಗಳು ಹಾಳಾದವು, ಗೊತ್ತಿದ್ದ ದೇವರುಗಳು ಸತ್ತರು, ಪ್ರೀತಿಯ ಪಾತ್ರಗಳು ಮುದುಕರಾದರು ಇಲ್ಲವೇ ಮಣ್ಣಾದರು. ಹಳಬರಿಗೆ ಅದು ತಮ್ಮ ಊರನ್ನೇ ಕೆಡವಿದಂತೆ ಅನ್ನಿಸಿತು. ಆಟದ ನಿಯಮಗಳ ಮುಂದಿನ ಆವೃತ್ತಿಯಲ್ಲಿ ಬಹಳಷ್ಟನ್ನು ಮತ್ತೆ ಮೊದಲಿನಂತೆ ಮಾಡಬೇಕಾಯಿತು. ಗ್ರೇಹಾಕ್‌ಗೆ ಇನ್ನೊಂದು ದಾರಿ ಹಿಡಿದರು. 1992ರಲ್ಲಿ ಅಲ್ಲಿ ದೊಡ್ಡ ಯುದ್ಧ ಮಾಡಿಸಿ ಲೋಕವನ್ನೇ ಕತ್ತಲು ಮಾಡಿದ್ದರು. 2024ರ ಡಿಎಂ ಪುಸ್ತಕದಲ್ಲಿ ಅದನ್ನು ಮರೆತು, 1980ರ ಪುಸ್ತಕ ಶುರುವಾಗುವ ಆ ಲೋಕದ 576ನೇ ವರ್ಷಕ್ಕೇ ಗಡಿಯಾರ ಹಿಂದಿಟ್ಟರು. ಸ್ಪೆಲ್‌ಜಾಮರ್ 2022ರಲ್ಲಿ 64 ಪುಟಗಳ ಮೂರು ತೆಳು ಪುಸ್ತಕವಾಗಿ ಮರಳಿ ಬಂತು. ಚಿತ್ರಗಳು ಚಂದ. ಆದರೆ ಹಡಗಿನ ಲೋಕಕ್ಕೆ ಹಡಗು ಕಾಳಗದ ನಿಯಮವೇ ಸಾಲದು. ನನಗೆ ಅದು ಬೇಜಾರು ತಂದಿತು. ಬಯಲಾಟಕ್ಕೆ ಹೋಗಿ ಕುಣಿತ ನೋಡದೇ ವಾಪಸು ಬಂದ ಹಾಗೆ.

ಡಾರ್ಕ್ ಸನ್ ಲೋಕಕ್ಕೂ ಇದೇ ಆಗಿತ್ತು. ಟ್ರಾಯ್ ಡೆನ್ನಿಂಗ್ ಮತ್ತು ತಿಮೊತಿ ಬ್ರೌನ್ ಬರೆದು, ಬ್ರಾಮ್ ಎಂಬ ಕಲಾವಿದ ಚಿತ್ರ ಬರೆದ, ಪುಸ್ತಕ ನಕ್ಷೆಗಳನ್ನೆಲ್ಲ ಒಟ್ಟಿಗೆ ತುಂಬಿದ ಆ ಪೆಟ್ಟಿಗೆ ಬಂದಾಗ ಲೋಕ ಬಿಗಿಯಾಗಿತ್ತು. ಅಥಾಸ್ ಅಂತ ಅದರ ಹೆಸರು. ಬಿಸಿಲಿಗೆ ಸುಟ್ಟ ನೆಲ. ದೇವರುಗಳಿಲ್ಲ. ಮಾಂತ್ರಿಕ ರಾಜರು ಒಂದೊಂದು ನಗರ ಹಿಡಿದು ಕೂತಿದ್ದಾರೆ. ಅಲ್ಲಿ ಮಂತ್ರ ಹಾಕಿದರೆ ಸುತ್ತಲಿನ ಗಿಡಮರದ ಜೀವ ಹೀರಿಕೊಳ್ಳುತ್ತದೆ. ದುರಾಸೆಯಿಂದ ಹೀರಿದ ಜಾಗ ಬೂದಿಯಾಗುತ್ತದೆ, ಅಲ್ಲಿ ಮತ್ತೆ ಏನೂ ಬೆಳೆಯುವುದಿಲ್ಲ. ಟೈರ್ ಅನ್ನುವ ನಗರದ ಬಲವೇ ಅದರ ಕಬ್ಬಿಣದ ಗಣಿ. ಇಷ್ಟು ಸಾಕಿತ್ತು. ಆದರೆ ಪೆಟ್ಟಿಗೆಯ ಜೊತೆಗೇ ಕಾದಂಬರಿಗಳು ಶುರುವಾಗಿ 1993ರ ಹೊತ್ತಿಗೆ ಐದಾದವು. ಅವುಗಳಲ್ಲಿ ಟೈರ್ ಬಿಡುಗಡೆಯಾಯಿತು, ಹಲವು ರಾಜರು ಸತ್ತರು, ದೊಡ್ಡ ಗುಟ್ಟುಗಳೆಲ್ಲ ಬಯಲಾದವು. 1995ರ ಹೊಸ ಪೆಟ್ಟಿಗೆ ಅದೆಲ್ಲ ಮುಗಿದ ಮೇಲಿನ ಲೋಕವನ್ನು ಕೊಟ್ಟಿತು. ಅಂದರೆ ನೀವು ಆಡಲು ಕೂತಾಗ ಬೇರೆಯವರು ಆಗಲೇ ಆಡಿ ಮುಗಿಸಿದ್ದಾರೆ. 2010ರಲ್ಲಿ ನಾಲ್ಕನೇ ಆವೃತ್ತಿಗೆ ಅದನ್ನು ತಂದವರು ಜಾಣತನ ತೋರಿದರು. ಟೈರ್‌ನ ರಾಜ ಸತ್ತಿದ್ದಷ್ಟನ್ನು ಇಟ್ಟುಕೊಂಡು, ಆಮೇಲಿನ ಎಲ್ಲವನ್ನೂ ಆಗಿಲ್ಲ ಅಂತ ಬಿಟ್ಟರು. 2014ರಲ್ಲಿ ಬಂದ ಐದನೇ ಆವೃತ್ತಿ ಮಾತ್ರ ಹತ್ತು ವರ್ಷ ಓಡಿದರೂ ಅಥಾಸ್‌ಗೆ ಒಂದು ಪೂರ್ತಿ ಪುಸ್ತಕ ಸಿಗಲಿಲ್ಲ.

ಹಾಗಾಗಿ ಎಬ್ಬಿಸುವ ಕೆಲಸ ನನ್ನ ಮಹಡಿಗೆ ಬಂತು.

ಮೊದಲ ಸಲ ನಾನು ಸೋತೆ. ಅದು 2023ರ ಮಾತು. ಹಳೆ ಪೆಟ್ಟಿಗೆಯ ಪಿಡಿಎಫ್ ದುಡ್ಡು ಕೊಟ್ಟು ತಗೊಂಡು, ಪ್ರಿಂಟ್ ಹಾಕಿಸಿ, ಮೂರು ವಾರ ಕೂತು ಓದಿದೆ. ಕನ್ನಡದಲ್ಲಿ ಹದಿನಾಲ್ಕು ಪುಟದ ಸಾರಾಂಶ ಬರೆದೆ. ಯಾವ ರಾಜ ಯಾವ ನಗರ, ಯಾವ ಯುದ್ಧ ಯಾವಾಗ, ಯಾವ ಕುಲ ಹೇಗೆ ಅಳಿಯಿತು. ಆಟದ ದಿನ ಅದನ್ನು ಓದಿ ಹೇಳಿದೆ. ಅರ್ಧ ಗಂಟೆಯಾಯಿತು. ನನ್ನ ಚಿಕ್ಕಪ್ಪನ ಮಗಳು, ಬಿ.ಇಡಿ ಓದುವವಳು, ಮೆಲ್ಲಗೆ ಕೇಳಿದಳು: "ಅಣ್ಣಾ, ಇದರಾಗ ಪರೀಕ್ಷೆ ಐತೇನು?" ಆವತ್ತು ದಾಳ ಉರುಳಲೇ ಇಲ್ಲ. ಮುಂದಿನ ವಾರ ಒಬ್ಬರೂ ಬರಲಿಲ್ಲ.

ತುಂಬ ದಿನ ನನಗೆ ಅದು ನೋವಾಗಿಯೇ ಉಳಿದಿತ್ತು. ನಾನು ಪ್ರೀತಿಸಿದ್ದನ್ನು ಅವರ ಮುಂದೆ ಇಟ್ಟಿದ್ದೆ, ಅದು ಅವರಿಗೆ ಮುಟ್ಟಲಿಲ್ಲ. ಆಮೇಲೆ ಒಂದು ದಿನ ನಮ್ಮ ಅಜ್ಜನ ನೆನಪಾಯಿತು.

ಅಜ್ಜ ಸಿರುಗುಪ್ಪ ಕಡೆಯ ಹಳ್ಳಿಯವರು. ಬಯಲಾಟದಲ್ಲಿ ಸಾರಥಿಯ ಪಾತ್ರ ಮಾಡುತ್ತಿದ್ದರು. ಬಯಲಾಟ ನೋಡಿದವರಿಗೆ ಗೊತ್ತು, ದುರ್ಯೋಧನ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು, ಕುಣಿಯುತ್ತಾ, ಅಟ್ಟ ನಡುಗಿಸುತ್ತಾ ಬರುತ್ತಾನೆ. ಎದುರಿಗೆ ಕೂತ ಮಗುವಿಗೂ ಅವನು ದುರ್ಯೋಧನ ಅಂತ ಗೊತ್ತು. ಆದರೂ ಸಾರಥಿ ಕೇಳುತ್ತಾನೆ: ತಾವು ಯಾರು? ಯಾವ ಪಟ್ಟಣ? ಇಲ್ಲಿಗೆ ಬಂದ ಕಾರಣ ಏನು? ದುರ್ಯೋಧನ ತನ್ನ ಹೆಸರು, ವಂಶ, ಬಂದ ಕೆಲಸ ಎಲ್ಲ ಹೇಳಬೇಕು. ಹೋದ ವರ್ಷವೂ ಹೇಳಿದ್ದ, ಮುಂದಿನ ವರ್ಷವೂ ಹೇಳುತ್ತಾನೆ. ಚಿಕ್ಕವನಿದ್ದಾಗ ನಾನು ಅಜ್ಜನಿಗೆ ಕೇಳಿದ್ದೆ, "ಗೊತ್ತಿದ್ದವನನ್ನೇ ಯಾಕ ಕೇಳ್ತಿ?" ಅಜ್ಜ ಹೇಳಿದ್ದು ಇಷ್ಟೇ: "ಕೇಳಲಿಲ್ಲಂದ್ರ ಅಂವ ಬಂದಂಗ ಆಗೂದಿಲ್ಲಪಾ."

ಮಹಾಭಾರತದ ಕಥೆ ಪೂರ್ತಿ ಯಾರೂ ಅಟ್ಟದ ಮೇಲೆ ಒಪ್ಪಿಸುವುದಿಲ್ಲ. ಒಂದು ರಾತ್ರಿಗೆ ಒಂದು ಪ್ರಸಂಗ. ಮಿಕ್ಕಿದ್ದು ಹಿಂದೆ ಎಲ್ಲೋ ಇರುತ್ತದೆ, ಬೇಕಾದಾಗ ಬರುತ್ತದೆ. ನಡುನಡುವೆ ಸಾರಥಿಯ ಬಾಯಲ್ಲಿ ಊರಿನ ಮಳೆ, ಬೆಳೆ, ರೇಟು ಎಲ್ಲ ಬರುತ್ತಿತ್ತು. ಹಸ್ತಿನಾಪುರದ ಅರಮನೆಯಲ್ಲಿ ನಮ್ಮ ಕಡೆಯ ಹತ್ತಿ ಬೆಲೆ! ಜನ ಅದಕ್ಕೆ ನಗುತ್ತಿದ್ದರು. ನಕ್ಕ ಮೇಲೆ ಹಸ್ತಿನಾಪುರ ಹತ್ತಿರವಾಗುತ್ತಿತ್ತು.

ನಾನು ಆ ಹದಿನಾಲ್ಕು ಪುಟ ಕಪಾಟಿಗೆ ಹಾಕಿದೆ. ಡಿಎಂ ಅನ್ನುವ ಹೆಸರೂ ಬಿಟ್ಟೆ. ನಮ್ಮ ಚಾಪೆಯ ಮೇಲೆ ನಾನು ಸಾರಥಿ. 2024ರ ಮೇ ತಿಂಗಳ ಆ ಸಂಜೆ ಇತಿಹಾಸ ಹೇಳಲಿಲ್ಲ. ಕಬ್ಬಿಣವಿಲ್ಲ ಅಂತ ಮೂರ್ನಾಲ್ಕು ಮಾತು ಹೇಳಿ ಎಲ್ಲರನ್ನೂ ಕೇಳಿದೆ: "ತಾವು ಯಾರು? ಎಲ್ಲಿಂದ ಬಂದ್ರಿ? ನಿಮ್ಮ ಹತ್ರ ನೀರು ಎಷ್ಟು ಐತಿ?"

ಮೂರನೇ ಪ್ರಶ್ನೆ ಕೆಲಸ ಮಾಡಿತು.

ಹಳೆ ಲೋಕದಲ್ಲಿ ಏನು ಇಟ್ಟುಕೊಳ್ಳಬೇಕು, ಏನು ಬಿಡಬೇಕು ಅನ್ನುವುದಕ್ಕೆ ನನಗೆ ಈಗ ಒಂದೇ ಅಳತೆ. ಆ ಲೋಕಕ್ಕೆ ಒಂದು ಕೊರತೆ ಇರುತ್ತದೆ. ಎಲ್ಲರ ಬದುಕು ಅದರ ಸುತ್ತ ತಿರುಗುತ್ತದೆ. ಅದನ್ನು ಹುಡುಕಿ, ಚಾಪೆಯ ಮೇಲೆ ಕೈಗೆ ಸಿಗುವ ಹಾಗೆ ಇಡಬೇಕು. ಅಥಾಸ್‌ನಲ್ಲಿ ಅದು ನೀರು ಮತ್ತು ಲೋಹ. ಪುಸ್ತಕದಲ್ಲಿ ನೀರಿಗೆ ಗ್ಯಾಲನ್ ಲೆಕ್ಕ ಇತ್ತು. ಗ್ಯಾಲನ್ ಅಂದರೆ ನಮಗೆ ಏನು ಗೊತ್ತು? ನಾನು ಅಡುಗೆಮನೆಯಿಂದ ಒಂದು ಹಿಡಿ ಹುಣಸೆಬೀಜ ತಂದೆ. ಒಂದು ಬೀಜ ಅಂದರೆ ಒಬ್ಬರ ಒಂದು ದಿನದ ನೀರು. ಪ್ರತಿ ದಿನ ಮುಗಿದಾಗ ಒಂದು ಬೀಜ ನಡುವಿನ ಬಟ್ಟಲಿಗೆ ಹಾಕಬೇಕು. ಬೀಜ ಇಲ್ಲದಿದ್ದರೆ ಕೇಳಿ ಪಡೆಯಬೇಕು, ಇಲ್ಲವೇ ಕದಿಯಬೇಕು.

ಮೊದಲ ರಾತ್ರಿಯೇ ಬೀಜಕ್ಕೆ ಜಗಳವಾಯಿತು. ನಿಜವಾದ ಜಗಳ. ಬಟ್ಟೆ ಹೊಲಿಯುವ ನಮ್ಮ ಇನ್ನೊಬ್ಬ ಗೆಳೆಯ ತನ್ನ ಬೀಜಗಳನ್ನು ಅಂಗಿ ಜೇಬಿಗೆ ಹಾಕಿಕೊಂಡು ಮೇಲೆ ಕೈ ಇಟ್ಟುಕೊಂಡು ಕೂತ. ನಮ್ಮ ಗುಂಪಿನಲ್ಲಿ ಹಿರಿಯರಾದ ಮೇಷ್ಟ್ರು ಪ್ರೈಮರಿ ಶಾಲೆಯವರು. ಅವರ ಪಾತ್ರ ನೀರಿನ ಪೂಜಾರಿಯದು. ಅಥಾಸ್‌ನಲ್ಲಿ ದೇವರಿಲ್ಲದ್ದರಿಂದ ಪೂಜಾರಿಗಳು ಮಣ್ಣು, ನೀರು, ಗಾಳಿ, ಬೆಂಕಿಗೆ ನಡೆದುಕೊಳ್ಳುತ್ತಾರೆ. "ದೇವರಿಲ್ಲ ಅಂತ ಯಾಕ ಅಂತೀಯಪ್ಪ, ನೀರೇ ಐತಲ್ಲ" ಅಂದರು ಮೇಷ್ಟ್ರು. ಅದನ್ನು ಅವರು ಆಟಕ್ಕೆ ಹೇಳಿದ್ದಲ್ಲ. ಹೊಸ ಕೊಡಕ್ಕೆ ಅರಿಶಿನ ಕುಂಕುಮ ಹಚ್ಚಿ ನೀರು ತುಂಬುವ ಮನೆಯಲ್ಲಿ ಬೆಳೆದವರ ಮಾತು ಅದು.

ಬಿಡಬೇಕಾದ್ದು ಅಂದೆನಲ್ಲ, ಅದರಲ್ಲಿ ಒಂದು ವಿಷಯದ ಬಗ್ಗೆ ತುಸು ನಿಂತು ಹೇಳಬೇಕು. ಅಥಾಸ್‌ನ ನಗರಗಳು ಗುಲಾಮರ ದುಡಿಮೆಯ ಮೇಲೆ ನಿಂತಿವೆ. ಹಳೆ ಪೆಟ್ಟಿಗೆಯ ಜೊತೆ ಬರುವ ಸಾಹಸದಲ್ಲಿ ಆಟಗಾರರ ಪಾತ್ರಗಳೇ ಗುಲಾಮರಾಗಿ ಶುರುವಾಗುತ್ತವೆ. ಈ ಲೋಕವನ್ನು ಮತ್ತೆ ತರಬೇಕೋ ಬೇಡವೋ ಅನ್ನುವ ಚರ್ಚೆಯಲ್ಲಿ ಇದೇ ದೊಡ್ಡ ಅಡ್ಡಿ. ಕೆಲವರು ಆ ಭಾಗವನ್ನು ತೆಗೆದುಹಾಕಿ ಅನ್ನುತ್ತಾರೆ. ಕೆಲವರು ಒಂದು ಅಕ್ಷರವೂ ಮುಟ್ಟಬೇಡಿ ಅನ್ನುತ್ತಾರೆ. ನಾನು ಆಟಕ್ಕೆ ಮುಂಚೆ ನಾಲ್ಕೂ ಜನರನ್ನು ಕೂರಿಸಿ ಕೇಳಿದೆ.

ಬಟ್ಟೆ ಹೊಲಿಯುವ ಗೆಳೆಯ ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ನಮ್ಮ ತಾತ ಜೀತಕ್ಕಿದ್ದ. ಸಾಲ ಎಷ್ಟೈತಿ ಅಂತ ಅವಂಗೇ ಗೊತ್ತಿರ್ಲಿಲ್ಲ. ಅದನ್ನ ತಗೀಬ್ಯಾಡ. ತಗದ್ರ ಹಂಗೇನೂ ಇರ್ಲೇ ಇಲ್ಲ ಅಂದಂಗ ಆಗ್ತೈತಿ. ಆದ್ರ ನನ್ನ ಕಟ್ಟಿಹಾಕಿ ಆಟ ಶುರು ಮಾಡಬ್ಯಾಡ. ನಾ ಕಟ್ಟು ಬಿಚ್ಚೋನಾಗಿ ಬರ್ತೀನಿ."

ಜೀತ ಪದ್ಧತಿ ರದ್ದು ಮಾಡಿದ ಕಾಯ್ದೆ ಬಂದದ್ದು 1976ರಲ್ಲಿ. ನಮ್ಮ ಚಾಪೆಯಿಂದ ಅದು ಎಷ್ಟು ಹತ್ತಿರ ಅಂತ ಆವತ್ತು ತಿಳಿಯಿತು. ನಾವು ಆ ಹಳೆ ಸಾಹಸದ ಆರಂಭವನ್ನು ತಿರುಗಿಸಿದೆವು. ಗುಲಾಮರನ್ನು ಕರೆದೊಯ್ಯುವ ಬಂಡಿಗಳ ಸಾಲು ಹಾಗೇ ಇತ್ತು. ನಮ್ಮ ನಾಲ್ವರು ರಾತ್ರಿ ಕತ್ತಲಲ್ಲಿ ಅದರ ಕಡೆ ತೆವಳಿ ಬಂದರು. ಮೊದಲ ಹಗ್ಗ ಕತ್ತರಿಸಿದ್ದು ಅವನೇ. ಮೂಳೆಯ ಚಾಕು. ದಾಳ ಉರುಳಿಸು ಅಂದೆ. ಅವನು ಉರುಳಿಸಲಿಲ್ಲ, ನನ್ನ ಮುಖ ನೋಡಿದ. ನಾನೂ ಬೇಡ ಅಂದೆ. ಕೆಲವು ಹಗ್ಗಗಳಿಗೆ ದಾಳ ಬೇಕಿಲ್ಲ.

ಇಷ್ಟೆಲ್ಲ ಆದರೂ ಕಬ್ಬಿಣದ ವಿಷಯ ಉಳಿದೇ ಇತ್ತು. ಲಾರಿ ಆಫೀಸಿನ ಗೆಳೆಯ ಪ್ರತಿ ವಾರ ಮೂಳೆ ಕತ್ತಿ ಎತ್ತಿದಾಗಲೂ ಮುಖ ಹಿಂಡುತ್ತಿದ್ದ. ಅವನಿಗೆ ಅದು ಆಟಿಕೆ ಅನ್ನಿಸುತ್ತಿತ್ತು. ಒಂದು ರಜೆಯ ದಿನ ಬೆಳಗ್ಗೆ ನಾಲ್ವರನ್ನೂ ಸಂಗನಕಲ್ಲಿಗೆ ಕರೆದುಕೊಂಡು ಹೋದೆ.

ಬಳ್ಳಾರಿಯಿಂದ ಕೂಗಳತೆ ಅನ್ನಬಹುದಾದಷ್ಟು ಹತ್ತಿರ. ಆದರೆ ನಮ್ಮಲ್ಲಿ ಎಷ್ಟೋ ಜನ ಅಲ್ಲಿಗೆ ಹೋಗಿಯೇ ಇರುವುದಿಲ್ಲ. ದುಂಡು ಬಂಡೆಗಳ ಗುಡ್ಡಗಳು. ಅದರಲ್ಲಿ ಹಿರೇಗುಡ್ಡ ಅಂತ ಒಂದು. ಗುಡ್ಡದ ಮೈಯಲ್ಲಿ ಕಪ್ಪು ಕಲ್ಲಿನ ಪಟ್ಟೆ ಹಾದುಹೋಗಿದೆ. ಡಾಲರೈಟ್ ಅನ್ನುವ ಗಟ್ಟಿ ಕಲ್ಲು. ಸುಮಾರು 3,500 ವರ್ಷಗಳ ಹಿಂದೆ ಅಲ್ಲಿ ಜನ ಕೂತು ಆ ಕಲ್ಲನ್ನು ಒಡೆದು, ಕೆತ್ತಿ, ಉಜ್ಜಿ ಕೊಡಲಿ ಮಾಡುತ್ತಿದ್ದರು. ಒಂದೆರಡಲ್ಲ. ಅದೊಂದು ಕಾರ್ಖಾನೆಯೇ ಆಗಿತ್ತು ಅನ್ನುತ್ತಾರೆ ಅಗೆದು ನೋಡಿದವರು. ಈಗಲೂ ಕಾಲಡಿ ಚಕ್ಕೆಗಳು ಸಿಗುತ್ತವೆ. ಬಂಡೆಗಳಲ್ಲಿ ಕೊಡಲಿ ಮಸೆದು ಮಸೆದು ನುಣುಪಾದ ತೋಡುಗಳಿವೆ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೇ ಶತಮಾನದಲ್ಲಿ ಈ ಜಾಗವನ್ನು ಹೊರಲೋಕಕ್ಕೆ ತಿಳಿಸಿದರು. ಬಳ್ಳಾರಿಯಲ್ಲಿ ಅವರ ಹೆಸರಿನ ಮ್ಯೂಸಿಯಂ ಇದೆ. ಕಲ್ಲಿನ ಕೊಡಲಿಗಳನ್ನು ಗಾಜಿನೊಳಗೆ ನೋಡಬಹುದು.

ಲಾರಿ ಆಫೀಸಿನ ಗೆಳೆಯ ಮಸೆದ ತೋಡಿನೊಳಗೆ ಬೆರಳು ಆಡಿಸಿದ. ಒಂದು ಸಲ, ಎರಡು ಸಲ. ಅಲ್ಲಿಂದ ಸಂಡೂರಿನ ದಿಕ್ಕಿಗೆ ನೋಡಿದ. "ಅಷ್ಟು ಕಬ್ಬಿಣ ಅಲ್ಲೇ ಮಣ್ಣಾಗ ಬಿದ್ದಿತ್ತು. ಇವ್ರು ಇಲ್ಲಿ ಕಲ್ಲು ಮಸೀತಿದ್ರು."

ಅಷ್ಟೇ ಹೇಳಿದ. ಆಮೇಲೆ ಅವನು ಮೂಳೆ ಕತ್ತಿಗೆ ಮುಖ ಹಿಂಡಲಿಲ್ಲ.

ಅದೇ ಗುಡ್ಡದಲ್ಲಿ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಚಿತ್ರಗಳಿವೆ. ಉದ್ದ ಕೊಂಬಿನ ದನಗಳೇ ಜಾಸ್ತಿ. ಕೆಲವು ಬಂಡೆಗಳಲ್ಲಿ ಸಣ್ಣ ಸಣ್ಣ ಗುಳಿಗಳಿವೆ. ಅಲ್ಲಿ ಕಲ್ಲಿನಿಂದ ತಟ್ಟಿದರೆ ಗಂಟೆಯ ನಾದ ಬರುತ್ತದೆ. ನಿಕೋಲ್ ಬೋವಿನ್ ಅನ್ನುವ ಪುರಾತತ್ವ ವಿದ್ವಾಂಸೆ 2004ರಲ್ಲಿ ಇದರ ಬಗ್ಗೆ ಬರೆದಿದ್ದರು. ಆ ಕಾಲದ ಜನ ಬಂಡೆಯನ್ನೇ ವಾದ್ಯ ಮಾಡಿಕೊಂಡಿದ್ದಿರಬಹುದು ಅಂತ. ನನ್ನ ತಂಗಿ ಒಂದು ಸಣ್ಣ ಹರಳಿನಿಂದ ಮೆಲ್ಲಗೆ ತಟ್ಟಿದಳು. ಟಣ್ ಅಂತು. ಅವಳ ಪಾತ್ರ ಮಿಡತೆಯಂಥ ಮೈಯ, ಆರು ಕೈಕಾಲಿನ ಜೀವಿ. ಪುಸ್ತಕದಲ್ಲಿ ಅದಕ್ಕೆ ತ್ರಿ-ಕ್ರೀನ್ ಅಂತ ಹೆಸರು. ಮುಂದಿನ ವಾರದಿಂದ ಆ ಜೀವಿ ದೂರದವರಿಗೆ ಸುದ್ದಿ ಕಳಿಸಲು ಬಂಡೆ ಬಾರಿಸತೊಡಗಿತು. ಇದು ಯಾವ ಪೆಟ್ಟಿಗೆಯಲ್ಲೂ ಇಲ್ಲ. ಆದರೆ ಅಥಾಸ್‌ಗೆ ಇದು ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ, 1991ರಲ್ಲೇ ಯಾರೋ ಬರೆಯಲು ಮರೆತಿದ್ದರೇನೋ ಅನ್ನಿಸುತ್ತದೆ.

ವಾಪಸು ಬರುವಾಗ ಮೇಷ್ಟ್ರು ಕುಡತಿನಿಯ ಬೂದಿಗುಡ್ಡದ ಮಾತು ತೆಗೆದರು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಬರುವ ಊರು. ಅಲ್ಲಿ ಬೂದಿಯದೇ ದೊಡ್ಡ ದಿಬ್ಬ ಇದೆ. ಭೀಮ ಹಿಡಿಂಬಾಸುರನನ್ನು ಕೊಂದು ಸುಟ್ಟ ಬೂದಿ ಅಂತ ಜನ ಹೇಳುತ್ತಾರೆ. ಹಂಪಿ ಹತ್ತಿರದ ನಿಂಬಾಪುರದಲ್ಲೂ ಇಂಥದ್ದೇ ದಿಬ್ಬ ಇದೆ. ಅದು ವಾಲಿಯನ್ನು ಸುಟ್ಟ ಜಾಗ. ಅಗೆದು ನೋಡಿದವರು ಹೇಳುವುದು ಬೇರೆ. ಹೊಸ ಶಿಲಾಯುಗದ ದನಗಾಹಿಗಳು ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಸುಟ್ಟು ಆದ ದಿಬ್ಬಗಳು ಇವು. ಎಷ್ಟು ಬಿಸಿಯಲ್ಲಿ ಸುಟ್ಟಿದ್ದಾರೆ ಅಂದರೆ ಕೆಲವು ಕಡೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿದೆ.

ಅವತ್ತು ಬೈಕಿನ ಮೇಲೆ ಹಿಂದೆ ಕೂತು ನಾನು ಇದನ್ನೇ ಯೋಚಿಸುತ್ತಿದ್ದೆ. ದನ ಕಾಯುವವರು ಹೋದರು. ಬೂದಿ ಉಳಿಯಿತು. ಯಾಕೆ ಅಂತ ಗೊತ್ತಿಲ್ಲದ ಮುಂದಿನವರು ಅದನ್ನು ನೋಡಿದರು. ಇಷ್ಟು ಬೂದಿ ಬೀಳಬೇಕಾದರೆ ಸತ್ತವನು ರಾಕ್ಷಸನೇ ಇರಬೇಕು ಅಂದರು. ತಮಗೆ ಗೊತ್ತಿದ್ದ ಮಹಾಭಾರತವನ್ನು, ರಾಮಾಯಣವನ್ನು ಆ ದಿಬ್ಬದ ಮೇಲೆ ತಂದು ಕೂರಿಸಿದರು. ತುಂಗಭದ್ರೆಯ ಆಚೆ ದಡದಲ್ಲಿ, ಕೊಪ್ಪಳ ಜಿಲ್ಲೆಯ ಆನೆಗುಂದಿಯಲ್ಲಿ ಇಡೀ ಕಿಷ್ಕಿಂಧೆಯೇ ಹೀಗೆ ಕೂತಿದೆ. ಅಂಜನಾದ್ರಿ ಬೆಟ್ಟ ಇದೆ, ಪಂಪಾ ಸರೋವರ ಇದೆ. ನಮ್ಮ ಕಡೆಯ ಜನ ತಲೆತಲಾಂತರದಿಂದ ಹಳೆ ನೆಲಕ್ಕೆ ಹೊಸ ಕಥೆಯನ್ನೂ, ಹಳೆ ಕಥೆಗೆ ತಮ್ಮ ನೆಲವನ್ನೂ ಕೊಡುತ್ತಲೇ ಬಂದಿದ್ದಾರೆ. ಅವರು ಬೂದಿಯನ್ನು ಮಾತ್ರ ಸುಳ್ಳು ಮಾಡಲಿಲ್ಲ. ಕಣ್ಣಿಗೆ ಕಾಣುವ ಬೂದಿಗೆ ಸರಿಹೊಂದುವ ಕಥೆ ಹುಡುಕಿದರು.

ಅಥಾಸ್‌ನಲ್ಲೂ ಬೂದಿ ಇದೆ ಅಂದೆನಲ್ಲ, ಮಂತ್ರವಾದಿ ನೆಲದ ಜೀವ ಹೀರಿದ ಜಾಗದಲ್ಲಿ. ಮುಂದಿನ ಭಾನುವಾರದ ಆಟದಲ್ಲಿ ನಮ್ಮವರು ಒಂದು ಬೂದಿಗುಡ್ಡ ದಾಟಿದರು. ಮೊದಲಾಗಿದ್ದರೆ ಅದು ಯಾವ ಮಾಂತ್ರಿಕ ರಾಜನ ಕೆಲಸ, ಯಾವ ವರ್ಷದ್ದು ಅಂತ ಪುಸ್ತಕ ನೋಡಿ ಹೇಳುತ್ತಿದ್ದೆ. ಈ ಸಲ ಕೇಳಿದೆ: "ಇದು ಯಾರ ಬೂದಿ?" ನಾಲ್ವರು ನಾಲ್ಕು ಕಥೆ ಹೇಳಿದರು. ನಾಲ್ಕೂ ಚೆನ್ನಾಗಿದ್ದವು. ಬಟ್ಟೆ ಹೊಲಿಯುವವನ ಪಾತ್ರ ಗುಟ್ಟಾಗಿ ಮಂತ್ರ ಬಲ್ಲವನು, ಗಿಡಕ್ಕೆ ನೋವಾಗದಂತೆ ತುಸುವೇ ಪಡೆಯುವವನು. ಅವನು ಬೂದಿಯನ್ನು ಮುಷ್ಟಿಯಲ್ಲಿ ಹಿಡಿದು ಹೇಳಿದ: "ಇದು ನಮ್ಮ ಗುರುವಿಂದು. ಒಂದು ದಿನ ಅಂವಗೂ ಅವಸರ ಆಗಿತ್ತು." ಯಾರೂ ಮಾತಾಡಲಿಲ್ಲ. ಯಾವ ಪುಸ್ತಕ ಆ ಮಾತನ್ನು ನನಗೆ ಕೊಡುತ್ತಿತ್ತು?

ಬಳ್ಳಾರಿಯವರಿಗೆ ನೆಲದಿಂದ ಅವಸರವಾಗಿ ಹೀರುವುದು ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಅದಿರು ಗಣಿಗಾರಿಕೆ ನಿಲ್ಲಿಸಿದಾಗ ನಾವೆಲ್ಲ ಇಲ್ಲೇ ಇದ್ದೆವು. ಲಾರಿಗಳು ಸಾಲಾಗಿ ನಿಂತಿದ್ದು ನೋಡಿದೆವು. ಲಾರಿ ನಂಬಿದವರ ಮನೆಯ ಒಲೆಯನ್ನೂ ನೋಡಿದೆವು. ಚಾಪೆಯ ಮೇಲೆ ಆ ಮಾತು ಯಾರೂ ಎತ್ತಲಿಲ್ಲ. ಎತ್ತುವುದು ಬೇಕಿರಲಿಲ್ಲ.

ಆಗಸ್ಟ್ ಬಂತು. ಹಿಂದಿನ ವರ್ಷ ಬರ. ಈ ವರ್ಷ ತುಂಗಭದ್ರಾ ಡ್ಯಾಂ ತುಂಬಿತ್ತು ಅಂತ ಎಲ್ಲರ ಮುಖದಲ್ಲೂ ಕಳೆ ಇತ್ತು. 10ನೇ ತಾರೀಕು ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಬೆಳಗ್ಗೆ ಮೊಬೈಲಿನಲ್ಲಿ ಆ ನೀರು ನುಗ್ಗುವ ವಿಡಿಯೊ ನೋಡಿದೆವು. ಗೇಟು ಎತ್ತುವ ಸರಪಳಿ ತುಂಡಾಗಿತ್ತು. ಮುರಿದ ಗೇಟಿನ ಜಾಗದಲ್ಲಿ ಕೆಲಸ ಮಾಡಲು ನೀರಿನ ಮಟ್ಟ ಇಳಿಯಬೇಕು, ಹಾಗಾಗಿ ಉಳಿದ ಗೇಟುಗಳಿಂದಲೂ ನೀರು ಬಿಟ್ಟರು. ಕೂಡಿಟ್ಟ ನೀರು ಕಣ್ಣೆದುರೇ ಹರಿದು ಹೋಗುತ್ತಿತ್ತು. ಭತ್ತ ನಾಟಿ ಮಾಡಿದವರು, ಮಾಡಬೇಕು ಅಂತ ಕೂತವರು, ಕಾಲುವೆ ನೀರು ಕುಡಿಯುವ ನಾವು, ಎಲ್ಲರೂ ಆ ವಾರ ಅದೇ ಮಾತು. ವಾರದ ಕೊನೆಗೆ, ಹರಿಯುವ ನೀರಿನಲ್ಲೇ ಉಕ್ಕಿನ ತಾತ್ಕಾಲಿಕ ಗೇಟು ಇಳಿಸಿ ನಿಲ್ಲಿಸಿದರು. ಆ ಕೆಲಸ ಮಾಡಿದವರಿಗೆ ಇಡೀ ಕಡೆಯ ಜನ ಕೈಮುಗಿದರು.

ಆ ವಾರದ ಮಧ್ಯೆ ಆಟ ಇರಲಿಲ್ಲ, ಯಾರಿಗೂ ಮನಸ್ಸಿರಲಿಲ್ಲ. ಗೇಟು ನಿಂತ ಮೇಲಿನ ಭಾನುವಾರ ಎಲ್ಲರೂ ಬಂದರು. ಲಾರಿ ಆಫೀಸಿನ ಗೆಳೆಯ ಕೂತವನೇ, "ಒಂದು ಸರಪಳಿ ನೋಡಲೇ. ಒಂದೇ ಒಂದು ಕೊಂಡಿ" ಅಂದ.

ನಾನು ಬೇರೆ ಏನೋ ಪ್ರಸಂಗ ಬರೆದಿಟ್ಟುಕೊಂಡಿದ್ದೆ. ಅದನ್ನು ಪಕ್ಕಕ್ಕಿಟ್ಟೆ. ಅಥಾಸ್‌ನಲ್ಲಿ ಒಂದು ಹಳ್ಳಿ. ಬಂಡೆಯೊಳಗೆ ಕೊರೆದ ಒಂದು ನೀರಿನ ತೊಟ್ಟಿ. ಮೂರು ತಲೆಮಾರಿನ ನೀರು ಅದರಲ್ಲಿದೆ. ತೊಟ್ಟಿಯ ಬಾಗಿಲು ಕಲ್ಲಿನದು. ಅದನ್ನು ತಡೆದು ನಿಲ್ಲಿಸಿರುವ ಮರದ ತೊಲೆ ಬಿರುಕು ಬಿಟ್ಟಿದೆ. ನಮ್ಮವರು ಊರಿಗೆ ಕಾಲಿಡುವಾಗಲೇ ಸದ್ದು ಕೇಳುತ್ತದೆ.

ಮೇಷ್ಟ್ರ ಪಾತ್ರ ನೀರಿಗೆ ಕೈಮುಗಿದು ಬೇಡಿಕೊಂಡಿತು. ದಾಳ ಸಾಲಲಿಲ್ಲ. ನನ್ನ ತಂಗಿಯ ಪಾತ್ರ ಆರೂ ಕೈಕಾಲು ಕೊಟ್ಟು ಬಾಗಿಲಿಗೆ ಆನಿಕೊಂಡಿತು. ಬಟ್ಟೆ ಹೊಲಿಯುವವನಿಗೆ ಮಂತ್ರ ಗೊತ್ತಿತ್ತು. ಆದರೆ ಅಷ್ಟು ದೊಡ್ಡ ಮಂತ್ರ ಹಾಕಿದರೆ ಹಳ್ಳಿಯ ತೋಟ ಪೂರ್ತಿ ಬೂದಿ. ಅವನು ಕೈ ಎತ್ತಿ, ಹಾಗೇ ಇಳಿಸಿದ.

ಲಾರಿ ಆಫೀಸಿನ ಗೆಳೆಯನ ಪಾತ್ರ ಒಬ್ಬ ಮುಲ್, ಮನುಷ್ಯ ಮತ್ತು ಕುಳ್ಳರ ಕುಲಕ್ಕೆ ಹುಟ್ಟಿದ ಕಟ್ಟುಮಸ್ತಾದ ಆಳು. ಮೂರು ತಿಂಗಳ ಆಟದಲ್ಲಿ ಅವನು ಗಳಿಸಿದ್ದ ಒಂದೇ ಆಸ್ತಿ ಒಂದು ಕಬ್ಬಿಣದ ಕೊಡಲಿ. ಟೈರ್‌ನ ಗಣಿಯ ಕಬ್ಬಿಣ. ಅದನ್ನು ಮಾರಿದರೆ ನಾಲ್ವರೂ ಒಂದು ವರ್ಷ ಕೂತು ಉಣ್ಣಬಹುದಿತ್ತು. ಅದಕ್ಕೆ ಹೆಸರು ಇಟ್ಟಿದ್ದ. ಯಾರ ಕೈಗೂ ಕೊಡುತ್ತಿರಲಿಲ್ಲ.

"ಆ ತೊಲೆ ಬಿರುಕಿನಾಗ ಏನಾರ ಬಡಿದು ಕೂರಿಸಿದ್ರ ನಿಲ್ತೈತೇನು?" ಅಂತ ಕೇಳಿದ.

"ಮರದ್ದು ನಿಲ್ಲೂದಿಲ್ಲ. ಕಲ್ಲು ಒಡೀತೈತಿ" ಅಂದೆ.

"ಕಬ್ಬಿಣ?"

"ನಿಲ್ತೈತಿ. ಮತ್ತ ಹೊರಗ ಬರೂದಿಲ್ಲ."

ಅವನು ಕಾಗದದ ಕಡೆ ಬಗ್ಗಿದ. ಪೆನ್ಸಿಲಿನಲ್ಲಿ ಬರೆದಿದ್ದ "ಕಬ್ಬಿಣದ ಕೊಡಲಿ - 1" ಅನ್ನುವ ಸಾಲನ್ನು ರಬ್ಬರಿನಿಂದ ಉಜ್ಜಿದ. ಹೆಸರನ್ನೂ ಉಜ್ಜಿದ. ರಬ್ಬರಿನ ಪುಡಿಯನ್ನು ಬಾಯಿಂದ ಊದಿ, ಕಾಗದ ಮಡಚಿ ಇಟ್ಟ.

ಕತ್ತಲಾಗಿತ್ತು. ಕೆಳಗೆ ಅಮ್ಮ ಲೈಟು ಹಾಕಿದರು. ದಿನ ಮುಗಿದಿದ್ದರಿಂದ ಎಲ್ಲರೂ ಒಂದೊಂದು ಹುಣಸೆಬೀಜ ಬಟ್ಟಲಿಗೆ ಹಾಕಿದರು. ಉಳಿದದ್ದನ್ನು ಒಟ್ಟಿಗೆ ಸೇರಿಸಿ ಎಣಿಸಿದೆವು. ನಾಲ್ವರಿಗೂ ಸೇರಿ 11 ಇದ್ದವು.